ಮೂರನೇ ಪ್ರೆಸ್‌ನ ಸಾಕ್ಷಿ

ಮಾನ್ಯ ಮಾಲೀಕರೇ,

ನಿಮ್ಮ ಕಾರ್ಖಾನೆಯ ಯಂತ್ರಗಳಿಗೆಲ್ಲ, ಅವುಗಳ ಪ್ರತಿ ಚಲನೆ ದಾಖಲಿಸುವ ಸೆನ್ಸರ್ ನಾನು ಕೂರಿಸಿ ತಿಂಗಳಾಯಿತು. "ಸೆನ್ಸರಮ್ಮ, ಇದನ್ನ ಸುತ್ತಮುತ್ತಲ ಎಲ್ಲ ಕಾರ್ಖಾನೆಗೂ ನಾವೇ ಮಾರೋಣ. ನಾಳೆ ಮಾಲೀಕರ ಸಭೇಲಿ ತೋರಿಸೋಕೆ ಜೋರಾದ ಒಂದು ಉದಾಹರಣೆ ಹುಡುಕು" ಅಂದಿದ್ದಿರಿ. ಸಿಕ್ಕಿದೆ.

ತಗಡು ಒತ್ತುವ ಮೂರನೇ ಪ್ರೆಸ್ ಈ ತಿಂಗಳು ನಾಲ್ಕು ಸಲ ತಾನಾಗಿಯೇ ಕೆಳಗಿಳಿದಿದೆ. ನಾಲ್ಕೂ ಸಲ ಊಟದ ಹೊತ್ತು. ಪೆಡಲ್ ಮೇಲೆ ಯಾರ ಕಾಲೂ ಇರಲಿಲ್ಲ. ನಿಮಿಷ, ಸೆಕೆಂಡು ಸಮೇತ ದಾಖಲೆ ಇದರ ಜೊತೆಗಿದೆ. ಇನ್ನೊಬ್ಬರ ಕೈ ಹೋಗದಿರಲೆಂದು ಪ್ರೆಸ್‌ನ ಫ್ಯೂಸ್ ಕಿತ್ತು ನನ್ನ ಬಳಿ ಇಟ್ಟುಕೊಂಡಿದ್ದೇನೆ, ವಾಪಸ್ ಕೇಳಬೇಡಿ.

ಆರು ವರ್ಷದ ಹಿಂದೆ ಅದೇ ಪ್ರೆಸ್ ನನ್ನ ಅಪ್ಪನ ಬಲಗೈ ತೆಗೆಯಿತು. "ಕುಡಿದು ಬಂದು ಪೆಡಲ್ ತುಳಿದಿದಾನೆ. ಮೆಷಿನ್ ಎಲ್ಲಾದ್ರೂ ತಾನಾಗೇ ಇಳಿಯುತ್ತೇನ್ರೀ?" ಎಂದು ಕಾರ್ಖಾನೆ ಇನ್‌ಸ್ಪೆಕ್ಟರ್ ಎದುರು ನಕ್ಕು ಕೈ ತೊಳೆದುಕೊಂಡಿರಿ. ಹೆಂಡದ ವಾಸನೆಗೇ ಮೂಗು ಮುಚ್ಚುವ ಮನುಷ್ಯ ಅವರು. ಅಂದಿನಿಂದ ಅಂಗಡಿಗೆ ಹೋದರೂ ಜನ ಅವರ ಬಾಯಿ ಮೂಸುವ ಹಾಗೆ ನೋಡುತ್ತಾರೆ. ನಾನು ಈ ವಿದ್ಯೆ ಕಲಿತದ್ದೂ, ಬೇರೆಯವರಿಗಿಂತ ಕಡಿಮೆ ದರ ಹೇಳಿ ನಿಮ್ಮ ಬಾಗಿಲಿಗೆ ಬಂದದ್ದೂ ನಿಮ್ಮ ಆ ಪ್ರಶ್ನೆಗೆ ಉತ್ತರ ಹುಡುಕಲಿಕ್ಕೇ.

ನಾಳೆ ಸಭೆಯಲ್ಲಿ ಇದನ್ನೇ ತೋರಿಸುತ್ತೇನೆ. ಅದೇ ಇನ್‌ಸ್ಪೆಕ್ಟರನ್ನು ನೀವೇ ಕರೆದಿದ್ದೀರಂತೆ, ನನಗೊಂದು ಓಡಾಟ ತಪ್ಪಿತು. ಒಂದೇ ಕೋರಿಕೆ: ಮೊದಲ ಸಾಲಿನಲ್ಲಿ ಅಪ್ಪನಿಗೊಂದು ಕುರ್ಚಿ ಹಾಕಿಸಿ. ನಿಮ್ಮನ್ನು ವೇದಿಕೆಗೆ ಕರೆದಾಗ ಅವರೊಬ್ಬರು ಚಪ್ಪಾಳೆ ತಟ್ಟದಿದ್ದರೆ ತಪ್ಪು ತಿಳಿಯಬೇಡಿ.

ಇಂತಿ,
ನಿಮ್ಮ ಸೆನ್ಸರಮ್ಮ