ಕಾಣದ ಬೆಳಕಿನ ಪದರ

ಬೆಟ್ಟದೊಳಗಿನ ಊರು
೩೦ ಫೆಬ್ರವರಿ ೨೪೧೨

ಪ್ರೀತಿಯ ಸಾವಂತ್ರಿ ಅಜ್ಜಿ,

ನನಗೆ ಮದುವೆಯಾಯಿತು ಅಜ್ಜಿ, ನಿಜವಾಗಿಯೂ ಆಯಿತು, ನಮ್ಮವರು ಎಷ್ಟು ಒಳ್ಳೆಯವರೆಂದರೆ ಬರೆಯುತ್ತ ಕೂತರೆ ಕಾಗದವೇ ಸಾಲದು! ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಾನು ಮಾದೇವಿ, ನಿಮ್ಮ ಮಗಳ ವಂಶದಲ್ಲಿ ಎಷ್ಟೋ ತಲೆಮಾರು ಆಚೆ ಹುಟ್ಟಿದವಳು. ಮದುವೆಯಾದ ಹುಡುಗಿ ತವರಿನ ಹಿರಿಯ ಹೆಂಗಸೊಬ್ಬರಿಗೆ, ಅವರು ಯಾವ ಕಾಲದವರಾದರೂ ಸರಿ, ಕಾಗದ ಬರೆಯುವುದು ನಮ್ಮ ರೂಢಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಮಾತು ವಿಚಿತ್ರ ಅನ್ನಿಸಿದರೆ ಸಾರಿ.

ನಮ್ಮವರ ಹೆಸರು ಹಮ್ಮಣ್ಣ, ದೀಪದ ಮನೆಯಲ್ಲಿ ಕೆಲಸ. ನಕ್ಕರೆ ಒಂದೇ ಕೆನ್ನೆಯಲ್ಲಿ ಗುಳಿ ಬೀಳುತ್ತದೆ. ಹೊರಗಿನ ಬಿಸಿಲನ್ನು ಮನುಷ್ಯರು ತಾಳಲಾರರು, ಆದ್ದರಿಂದ ಬೆಟ್ಟ ಕೊರೆದು ಒಳಗೆ ಬದುಕುತ್ತೇವೆ. ನಮಗೆ ಉಸಿರು ಕೊಡುವುದು ‘ಹಾಸು’. ಹಾಸು ಎಂದರೆ ಉಪ್ಪುನೀರಿನ ತೊಟ್ಟಿಯ ತಳದಲ್ಲಿ ಚರ್ಮದಂತೆ ಹರಡಿಕೊಳ್ಳುವ ಸೂಕ್ಷ್ಮಜೀವಿಗಳ ಪದರ. ದಪ್ಪ ಒಂದು ದೋಸೆಯಷ್ಟು. ಆದರೆ ಕೊಯ್ದು ನೋಡಿದರೆ ಮೇಲೆ ಕಂದು, ಅದರಡಿ ಹಸಿರು, ಅದರಡಿ ನೇರಳೆ, ತಳದಲ್ಲಿ ಕಪ್ಪು, ಅಷ್ಟು ಚಂದ! ಉಸಿರು ಹುಟ್ಟುವುದು ಹಸಿರಿನಲ್ಲಿ. ಮೇಲಿನವು ತಮಗೆ ಬೇಕಾದ ಬೆಳಕನ್ನು ಹೀರಿಕೊಂಡ ಮೇಲೆ ಕೆಳಗಿಳಿಯುವುದು ಕೆಂಪಿಗೂ ಆಚೆಗಿನ, ನಮ್ಮ ಕಣ್ಣಿಗೆ ಕಾಣದ ಬೆಳಕು ಮಾತ್ರ. ನೇರಳೆ ಬದುಕುವುದು ಅದರಲ್ಲೇ. ತಳದಿಂದ ಏಳುವ, ಕೊಳೆತ ಮೊಟ್ಟೆಯಂತೆ ನಾರುವ ವಿಷವನ್ನು ಅದು ತಿಂದು ಹಸಿರನ್ನು ಕಾಯುತ್ತದೆ.

ತೊಟ್ಟಿಗಳಿಗೆ ಕಾಣುವ, ಕಾಣದ ಎರಡೂ ಬೆಳಕು ಕೊಡುವುದು ದೀಪದ ಮನೆಯ ದೀಪಗಳು. ಕಳೆದ ವರ್ಷ ಕರೆಂಟ್ ಸಾಲದಾದಾಗ ದೀಪದ ಮನೆಯ ಹಿರಿಯರು, ಯಾರಿಗೂ ಕಾಣದ ಬೆಳಕು ಯಾಕೆ ಉರಿಯಬೇಕು ಎಂದು ಕಾಣದ ಬೆಳಕಿನ ದೀಪಗಳನ್ನು ಆರಿಸಲು ಹೇಳಿದರು. ಆರಿಸಿದ ಕೈ ನಮ್ಮವರದು. ಮೇಲಿನಿಂದ ನೋಡಿದರೆ ತೊಟ್ಟಿಗಳು ಹಾಗೆಯೇ ಇದ್ದವು, ಎಲ್ಲರೂ ಮೆಚ್ಚಿದರು. ಒಳಗೆ ನೇರಳೆ ಸತ್ತಿತು, ಕಪ್ಪು ಮೇಲೇರಿತು, ಹಸಿರು ಕರಗತೊಡಗಿತು. ಈಗ ದೀಪ ಮತ್ತೆ ಹಚ್ಚಿದ್ದಾರೆ, ಆದರೆ ಹೆಪ್ಪು ಹಾಕಲು ಒಂದು ಚೂರು ನೇರಳೆಯೂ ಉಳಿದಿಲ್ಲ.

ತೊಟ್ಟಿಗಳಿಂದ ಈಗ ಊರಿಗೆಲ್ಲ ಹರಡುವ ಆ ವಿಷಗಾಳಿ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಆದ್ದರಿಂದ ಮಲಗುವಾಗ ಎಳೆಯರು ಮೇಲಿನ ಬರ್ತ್‌ನಲ್ಲಿ, ವಯಸ್ಸಾದವರು ಕೆಳಗೆ. ಮದುವೆಯ ಉಡುಗೊರೆಯೆಂದು ನಮಗೆ ಎಲ್ಲಕ್ಕಿಂತ ಮೇಲಿನದನ್ನೇ ಕೊಟ್ಟರು, ನಾನು ಕುಣಿದುಬಿಟ್ಟೆ. ಕೆಳಗಿನದರಲ್ಲಿ ನಮ್ಮವರ ಅಜ್ಜಿ ದೇವಮ್ಮ. ನಾವು ಪಿಸುಗುಟ್ಟಿದರೂ ಅವರಿಗೆ ಕೇಳುತ್ತಿತ್ತು, ದಿನಾ ಬೈಗುಳ.

“ನಗಾಡಿ ಮಕ್ಳೆ, ನಿಮ್ಮ ಗಲಾಟೆ ಕೇಳ್ತಾ ಇದ್ರೆ ನಾ ಇನ್ನೂ ಸತ್ತಿಲ್ಲ ಅಂತಾಯ್ತು,” ಎಂದು ಅವರೇ ಆಮೇಲೆ ನಗುತ್ತಿದ್ದರು.

ಒಂದು ಬೆಳಿಗ್ಗೆ ನಾವು ನಕ್ಕೆವು, ಕೆಳಗಿನಿಂದ ಬೈಗುಳ ಬರಲಿಲ್ಲ. ಈಗ ಅಲ್ಲಿಗೆ ಮಾವ ಇಳಿದಿದ್ದಾರೆ. ಅವರ ಕೆಮ್ಮು ನಮಗೆ ಮೇಲೆ ಕೇಳುತ್ತದೆ. “ಸ್ವಿಚ್ ಒತ್ತಿದ್ದು ನಾನೇ ಅಲ್ವನೇ,” ಎಂದರು ನಮ್ಮವರು ನಿನ್ನೆ. ನಾನು ಆ ಕೈ ಹಿಡಿದುಕೊಂಡು ಕೂತೆ.

ಇನ್ನು ನಿಮ್ಮ ವಿಷಯ. ಅಘನಾಶಿನಿ ಕಡಲು ಸೇರುವಲ್ಲಿ ನಿಮ್ಮ ಉಪ್ಪಿನ ಆಗರವಿತ್ತು, ಅದರ ಮೂಲೆಯ ಗದ್ದೆಯಲ್ಲಿ ಉಪ್ಪು ಸರಿಯಾಗಿ ಕೂರದೆ ಜಾರುವ ಚರ್ಮದಂಥದ್ದು ಬೆಳೆಯುತ್ತಿತ್ತು, ನೀವು ಶಪಿಸುತ್ತ ಕೆರೆದು ಎಸೆಯುತ್ತಿದ್ದಿರಿ ಎಂದು ನನ್ನ ತವರಿನಲ್ಲಿ ಈಗಲೂ ಹೇಳುತ್ತಾರೆ. ಅಜ್ಜಿ, ಅದೇ ಹಾಸು. ಸೂರ್ಯನ ಬೆಳಕಿನಲ್ಲಿ ನೇರಳೆ ಉಳಿದಿದ್ದರೆ ಅಲ್ಲಿ ಮಾತ್ರ ಉಳಿದಿರಬೇಕು. ಕಡಲು ನುಂಗಿದೆಯೋ ಏನೋ, ಸುರಂಗದ ರೈಲು ಆ ದಾರಿಯಲ್ಲೇ ಹೋದರೂ ತಲೆಮಾರುಗಳಿಂದ ಅಲ್ಲಿ ಯಾರೂ ಇಳಿದಿಲ್ಲ. ದಯವಿಟ್ಟು ಆ ಒಂದು ಗದ್ದೆಯನ್ನು ಕೆರೆಯಬೇಡಿ. ಮಣ್ಣು ತುಂಬಿ ಕಟ್ಟಡ ಕಟ್ಟುತ್ತೇವೆ ಎಂದು ಯಾರು ಬಂದು ಕೇಳಿದರೂ ಕೊಡಬೇಡಿ. ನಿಮ್ಮ ನಂತರದವರಿಗೂ ಹೇಳಿಡಿ. ನನಗೆ ಅಂಗೈಯಷ್ಟು ಸಾಕು, ಆದರೆ ಬಿಸಿಲಿನಲ್ಲಿ ಹುಡುಕುತ್ತ ಅಲೆಯಲು ಆಗುವುದಿಲ್ಲ. ನಮ್ಮವರಿಗೆ ರಜೆ ಕೊಡುವುದಿಲ್ಲವಂತೆ, ನಿಮ್ಮ ಗದ್ದೆಗೆ ನಾನೊಬ್ಬಳೇ ಬರುತ್ತೇನೆ: ನಮ್ಮ ಈ ೨೪೧೨ರ ಏಪ್ರಿಲ್ ಹನ್ನೊಂದು, ಶುಕ್ರವಾರ, ಬೆಳಗಿನ ಕಾರವಾರ ಪ್ಯಾಸೆಂಜರ್.