ಮನೆಗಾಡಿಯ ಕ್ಲಚ್ಚು, ಅತ್ತೆಯ ನಿದ್ದೆ

ಮನೆಯಿಂದ,
ಹತ್ತೊಂಬತ್ತನೇ ತಾರೀಖು, ಗುರುವಾರ, ಮಧ್ಯಾಹ್ನ ಹನ್ನೆರಡು ಗಂಟೆ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಮೊದಲು ಮಣಿಕಟ್ಟಿನ ಸುಟ್ಟಗಾಯದ ವಿಷಯ ಬರೆಯಿರಿ. ಹೋದ ಪತ್ರದಲ್ಲಿ "ಸ್ವಲ್ಪ ಎಣ್ಣೆ ಸಿಡಿಯಿತು" ಎಂದು ಅದಕ್ಕೊಂದೇ ಸಾಲು ಕೊಟ್ಟು, ಹೊಸ ಕ್ಯಾಪ್ಟನ್ನು ಎಲ್ಲದಕ್ಕೂ ಉಪ್ಪು ಜಾಸ್ತಿ ಕೇಳುತ್ತಾನೆ ಎಂದು ಒಂದೂವರೆ ಪುಟ ಬರೆದಿದ್ದೀರಿ. ಹಡಗಿನಲ್ಲಿ ಇಪ್ಪತ್ತೆರಡು ಜನಕ್ಕೆ ಅಡುಗೆ ಮಾಡುವವರ 'ಸ್ವಲ್ಪ' ಎಷ್ಟು ದೊಡ್ಡದು ಎಂದು ನನಗೆ ಗೊತ್ತಿಲ್ಲವೇ? ಫೋನಿನಲ್ಲಿ ಕೇಳೋಣವೆಂದರೆ ಅರ್ಧ ಮಾತು ಸಮುದ್ರದ ಪಾಲಾಗುತ್ತದೆ. ಮಂಡಿ ನೋವಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀರಾ? ಒಗೆದು ಒಣಗಿಸುತ್ತೀರಾ, ಅಥವಾ ಅದು ತಾನಾಗಿ ನಿಂತುಕೊಳ್ಳುವಷ್ಟು ಬಿರುಸಾಗಿದೆಯಾ? ನಾವಿಬ್ಬರೂ ಚೆನ್ನಾಗಿದ್ದೇವೆ. ಅತ್ತೆ ಚೆನ್ನಾಗಿದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುತ್ತಾ ನಿಮ್ಮ ಹುಬ್ಬು ಗಂಟು ಹಾಕಿಕೊಳ್ಳುವುದು ನನಗೆ ಇಲ್ಲಿಂದಲೇ ಕಾಣಿಸುತ್ತಿದೆ. ಆಗ ಈ ಸಾಲಿಗೆ ವಾಪಸ್ ಬಂದು ಇನ್ನೊಂದು ಸಲ ಓದಿಕೊಳ್ಳಿ.

ವಿಷಯ ಇಷ್ಟು. ವ್ಯಾನಿನೊಳಗೇ ಮಂಚ, ನೀರು ಎಲ್ಲ ಇಟ್ಟು ನೀವು ಮಾಡಿಸಿದ ನಮ್ಮ ಮನೆಗಾಡಿಯ ಕ್ಲಚ್ಚು ಹೋಯಿತು. ಪೂರ್ತಿ ಸವೆದು ಹೋಯಿತು. ಹೊಸದು ಹಾಕಿಸಿದೆ, ನಿಮ್ಮನ್ನು ಕೇಳದೆ ಹಾಕಿಸಿದೆ. "ವಾರಕ್ಕೊಮ್ಮೆ ಇಂಜಿನ್ ಶುರು ಮಾಡಿ ಹತ್ತು ನಿಮಿಷ ಬಿಡು, ಬೀದಿ ಕೊನೆಯವರೆಗೆ ಹೋಗಿ ಬಾ, ಸಾಕು" ಎಂದು ಹೇಳಿ ಹೋದವರು ನೀವು. ಬೀದಿ ಕೊನೆಗೆ ಹೋಗಿ ಬಂದರೆ ಕ್ಲಚ್ಚು ಹೇಗೆ ಸವೆಯುತ್ತದೆ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದರೆ ಏಳು ತಿಂಗಳಿಂದ ನಿಮ್ಮಿಂದ ಮುಚ್ಚಿಟ್ಟದ್ದನ್ನೆಲ್ಲ ಬಿಚ್ಚಬೇಕು. ದೂರದಲ್ಲಿರುವವರಿಗೆ ಹೇಳಿ ಯಾಕೆ ಅವರ ನಿದ್ದೆ ಕೆಡಿಸಲಿ ಎಂದುಕೊಂಡಿದ್ದೆ. ಇಲ್ಲಿ ಒಬ್ಬರ ನಿದ್ದೆ ಕೆಟ್ಟಿದ್ದೇ ಸಾಕಾಗಿತ್ತು.

ಮಾವ ತೀರಿಕೊಂಡ ಮೇಲೆ ಅತ್ತೆಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ ಎಂದು ನಿಮಗೆ ಗೊತ್ತಿತ್ತು. ಬರುವುದೇ ಇಲ್ಲ ಎಂದು ಗೊತ್ತಿರಲಿಲ್ಲ. ನೀವು ಹೊರಟ ಮೇಲಂತೂ ರಾತ್ರಿಯಿಡೀ ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದರು. ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಮರುದಿನವೆಲ್ಲ ಮಂಕು. ಎರಡು ಸಲ ಬಚ್ಚಲುಮನೆಯಲ್ಲಿ ತಲೆಸುತ್ತಿ ಬಿದ್ದರು. ಮೂಳೆಗೆ ಏನೂ ಆಗಲಿಲ್ಲ, ಆದರೆ ಆಮೇಲೆ ಅವರು ಬಚ್ಚಲಿಗೆ ಹೋದಾಗಲೆಲ್ಲ ನಾನು ಬಾಗಿಲ ಹೊರಗೇ ನಿಲ್ಲತೊಡಗಿದೆ. ನಾನು ಮಾಡದ ಉಪಾಯವಿಲ್ಲ. ಗೋಡೆ ಗಡಿಯಾರ ತೆಗೆದು ಬೀರುವಿನೊಳಗೆ ಬಟ್ಟೆಯಲ್ಲಿ ಸುತ್ತಿಟ್ಟೆ. ಬಾಗಿಲಿನ ತಿರುಗಣಿಗಳಿಗೆಲ್ಲ ಎಣ್ಣೆ ಬಿಟ್ಟೆ. ಕುಕ್ಕರ್ ಕೂಗುತ್ತದೆಂದು ಪಾತ್ರೆಯಲ್ಲೇ ಬೇಯಿಸಿದೆ, ಬೇಳೆ ಬೇಯುವುದರೊಳಗೆ ನಾನೇ ಬೆಂದುಹೋಗುತ್ತಿದ್ದೆ. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಪಕ್ಕದ ಮನೆಯವರು ನಾವು ಊರಿನಲ್ಲಿಲ್ಲ ಎಂದುಕೊಂಡು ನಮ್ಮ ಪೇಪರನ್ನು ತಾವೇ ಎತ್ತಿಕೊಂಡು ಓದತೊಡಗಿದರು.

ಒಂದು ಮಧ್ಯಾಹ್ನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಬಸ್ಸಿನ ನೂಕುನುಗ್ಗಲು ಬೇಡವೆಂದು ಮನೆಗಾಡಿಯಲ್ಲೇ ಕರೆದುಕೊಂಡು ಹೊರಟೆ. ನೀವು ಹಿಂದೆ ಹಾಕಿಸಿದ ಮಂಚದ ಮೇಲೆ ಬೆನ್ನು ಚಾಚುತ್ತೇನೆ ಎಂದರು. ಗ್ರಂಥಾಲಯದ ಏರು ಹತ್ತುವುದರೊಳಗೆ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದುಕೊಂಡು, ಕೈ ಕೆನ್ನೆಯ ಕೆಳಗಿಟ್ಟುಕೊಂಡು. ನಾನು ಕಣ್ಣಿನ ಡಾಕ್ಟರನ್ನೂ ಮರೆತೆ, ಚೀಟಿಯನ್ನೂ ಮರೆತೆ, ಎರಡು ಗಂಟೆ ಊರು ಸುತ್ತಿದೆ. ಅವತ್ತಿನಿಂದ ಅದೇ ನನ್ನ ಕೆಲಸ. ಊಟವಾದ ಮೇಲೆ ದಿನಾ ಎರಡು ಗಂಟೆ. ಪೆಟ್ರೋಲ್ ಬಂಕಿನವಳು ನನ್ನನ್ನು ಸಾಮಾನು ತಲುಪಿಸುವ ಕೆಲಸದವಳು ಎಂದೇ ತಿಳಿದುಕೊಂಡಿದ್ದಾಳೆ. ನಮ್ಮೂರಿನ ಏರಿಳಿತ ನಿಮಗೆ ಗೊತ್ತಲ್ಲ, ಪ್ರತಿ ಏರಿನ ತಲೆಯ ಮೇಲೂ ಒಂದು ಸಿಗ್ನಲ್ಲು. ನಮ್ಮ ಗಾಡಿಯ ಹ್ಯಾಂಡ್‌ಬ್ರೇಕ್ ಎಳೆದರೆ ಕರಕರ ಎಂದು ಎಂಥ ಸದ್ದು. ಅತ್ತೆಗೆ ಎಚ್ಚರವಾಗುತ್ತದೆ ಎಂದು ನಾನು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ಕ್ಲಚ್ಚನ್ನು ಅರ್ಧ ಬಿಟ್ಟು, ಆಕ್ಸಿಲರೇಟರ್ ಚೂರು ಒತ್ತಿ, ಹಸಿರು ದೀಪ ಬರುವವರೆಗೆ ಹಾಗೇ ತಡೆದುಕೊಂಡು ನಿಲ್ಲುತ್ತಿದ್ದೆ. ಎಷ್ಟು ಚೆನ್ನಾಗಿ ಕಲಿತುಬಿಟ್ಟೆ ಎಂದು ಹೆಮ್ಮೆ ಬೇರೆ. ನೀವು ಈಗ ತಲೆ ಚಚ್ಚಿಕೊಳ್ಳುತ್ತಿದ್ದೀರಿ ಎಂದು ಗೊತ್ತು, ಸುಟ್ಟ ಕೈಯಲ್ಲಿ ಚಚ್ಚಿಕೊಳ್ಳಬೇಡಿ.

ಹೋದ ವಾರ ಬುಧವಾರ ಆಸ್ಪತ್ರೆ ಏರಿನಲ್ಲಿ ಇಂಜಿನ್ ಕೂಗಿತೇ ಹೊರತು ಗಾಡಿ ಎಳೆಯಲಿಲ್ಲ. ಸುಟ್ಟ ವಾಸನೆ. ಹಿಂದೆ ಎರಡು ಬಸ್ಸು, ಒಂದು ನೀರಿನ ಟ್ಯಾಂಕರು. ಅಷ್ಟೂ ಹಾರ್ನ್ ಒಟ್ಟಿಗೆ. ಕೊನೆಗೆ ನಾಲ್ಕು ಜನ ತಳ್ಳಿ ಬದಿಗೆ ಹಚ್ಚಿದರು. ಎಳೆಸಿಕೊಂಡು ಹೋಗಿ ಗಾಜಿನ ಬಾಗಿಲಿನ ದೊಡ್ಡ ಗ್ಯಾರೇಜಿನಲ್ಲಿ ನಿಲ್ಲಿಸಿದೆ. ಕೌಂಟರಿನಲ್ಲಿದ್ದಾತ ಬಹಳ ಮರ್ಯಾದಸ್ಥ. ಕಾಫಿ ಕೊಟ್ಟು ತೊಂಬತ್ತೆರಡು ಸಾವಿರ ಎಂದ. ಕಪ್ಪು ಹಾಗೇ ಮೇಜಿನ ಮೇಲೆ ಇಟ್ಟುಬಿಟ್ಟೆ. ಕ್ಲಚ್ ಪ್ಲೇಟಿಗೆ ಅಷ್ಟೇನೂ ಬೆಲೆಯಿಲ್ಲವಂತೆ. ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಗೇರ್‌ಬಾಕ್ಸ್ ಇಳಿಸಬೇಕಾದರೆ ಅದಕ್ಕೆ ಅಡ್ಡವಾಗಿ ಯಾರೋ ಬುದ್ಧಿವಂತರು ಕುಡಿಯುವ ನೀರಿನ ಟ್ಯಾಂಕ್ ಬಿಗಿದಿದ್ದಾರೆ, ಅದನ್ನು ಬಿಚ್ಚುವುದಕ್ಕೇ ಒಂದೂವರೆ ದಿನದ ಕೂಲಿ. ಆ ಬುದ್ಧಿವಂತರು ಯಾರು ಎಂದು ನಾನು ಅವನಿಗೆ ಹೇಳಲಿಲ್ಲ. ಇಂಜಿನ್ನಿಗೆ ಅಂಟಿಕೊಂಡ ಫ್ಲೈವೀಲೂ ಹೊಸದೇ ಬೇಕಾಗಬಹುದು ಎಂದ. ಐವತ್ತು ಸಾವಿರ ದಾಟಿದ ಖರ್ಚು ಬಂದರೆ ಯೋಚನೆ ಮಾಡದೆ ಗಾಡಿಯನ್ನು, ಕೊಳ್ಳುತ್ತೇನೆ ಎನ್ನುತ್ತಿದ್ದ ಆ ಫೋಟೋಗ್ರಾಫರಿಗೆ ಮಾರಿಬಿಡು ಎಂದು ನೀವು ಹೊರಡುವಾಗ ಹೇಳಿದ್ದು ಕಿವಿಯಲ್ಲಿತ್ತು. ನಿಮ್ಮ ಮಾತು ಮೀರಬಾರದು ಎಂದೇನೂ ನನಗಿಲ್ಲ, ಅದು ನಿಮಗೂ ಗೊತ್ತು. ಆದರೆ ದುಡ್ಡು ಬೇಕಲ್ಲ. ಗಾಡಿ ಕೊಟ್ಟರೆ ಅತ್ತೆಗೆ ಇದ್ದ ಎರಡು ಗಂಟೆಯ ನಿದ್ದೆಯೂ ಹೋಯಿತು. ಬೀದಿಯಲ್ಲಿ ನಿಂತು ಅತ್ತುಬಿಟ್ಟೆ. ಅತ್ತೆ ನನ್ನ ಸೆರಗು ಹಿಡಿದು ನಿಂತಿದ್ದರು. ಎರಡು ದಿನ ಅವರು ಕಣ್ಣು ಮುಚ್ಚಲಿಲ್ಲ.

ಪೆಟ್ರೋಲ್ ಬಂಕಿನವಳೇ ದಾರಿ ತೋರಿಸಿದ್ದು. ರೈಲ್ವೆ ಗೋದಾಮಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಒಬ್ಬ ಮೇಸ್ತ್ರಿ ಇದ್ದಾರೆ. ಎಲ್ಲರೂ ಕಿವಿ ಮೇಸ್ತ್ರಿ ಎನ್ನುತ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೆ, ಇನ್ನೊಂದನ್ನು ತಮ್ಮ ಕಿವಿಗೆ ಇಟ್ಟು ರೋಗ ಹೇಳುತ್ತಾರೆ. ಶುಕ್ರವಾರ ಮತ್ತೆ ಗಾಡಿ ಎಳೆಸಿದೆ. ಅತ್ತೆಯನ್ನು ಒಬ್ಬರನ್ನೇ ಮನೆಯಲ್ಲಿ ಬಿಡಲಾರದೆ ಜೊತೆಗೇ ಕರೆದುಕೊಂಡು ಹೋಗಿದ್ದೆ. ಗಾಡಿಯ ನಾಲ್ಕು ಚಕ್ರವೂ ನೆಲದ ಮೇಲೇ ಇತ್ತು, ಕೆಳಗೆ ಮನುಷ್ಯ ಇಳಿದು ಕೆಲಸ ಮಾಡುವಷ್ಟು ಆಳದ ಗುಂಡಿ. ಕೂರಲು ಶೆಡ್ಡಿನಲ್ಲಿ ಕುರ್ಚಿಯಿಲ್ಲ, ಅತ್ತೆ ಗಾಡಿಯೊಳಗೇ ಕೂತರು. ನಾನು ಹೊರಗೆ ಮೇಸ್ತ್ರಿಯ ಸೊಸೆಯ ಹತ್ತಿರ ರೇಟು ಮಾತಾಡುತ್ತಿದ್ದೆ, ಅಷ್ಟರಲ್ಲಿ ಕೆಳಗಿನಿಂದ ಢಣ್ ಢಣ್ ಎಂದು ಸುತ್ತಿಗೆ ಶುರುವಾಯಿತು. ನೀವು ಬಿಗಿದ ಟ್ಯಾಂಕಿನ ಬೋಲ್ಟು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಬರುತ್ತಿರಲಿಲ್ಲವಂತೆ. ನಾನು ಗುಂಡಿಯ ಅಂಚಿಗೆ ಓಡಿ, ಮೇಲೆ ನಿದ್ದೆಯಿಲ್ಲದ ವಯಸ್ಸಾದವರಿದ್ದಾರೆ, ಸದ್ದು ಮಾಡಬೇಡಿ ಎಂದೆ. ಸದ್ದಿಲ್ಲದೆ ಬಿಚ್ಚೋದಕ್ಕೆ ಇದು ಹೂವಿನ ಗಂಟಲ್ಲಮ್ಮ ಎಂದು ಅವರು ಇನ್ನೂ ಜೋರಾಗಿ ಬಾರಿಸಿದರು. ಅತ್ತೆಯನ್ನು ಸಮಾಧಾನ ಮಾಡಿ ಇಳಿಸೋಣವೆಂದು ಬಾಗಿಲು ತೆರೆದೆ. ಅತ್ತೆ ಗೊರಕೆ ಹೊಡೆಯುತ್ತಿದ್ದರು.

ರೀ, ಮೂರು ಗಂಟೆ ನಲವತ್ತು ನಿಮಿಷ! ಸುತ್ತಿಗೆಗೆ ಏಳಲಿಲ್ಲ, ಗ್ರೈಂಡರಿಗೆ ಏಳಲಿಲ್ಲ, ಕಬ್ಬಿಣದ ತುಂಡೊಂದು ಧಡಾರನೆ ಬಿದ್ದದ್ದಕ್ಕೂ ಏಳಲಿಲ್ಲ. ಮೇಸ್ತ್ರಿಗೆ ಊಟದ ಹೊತ್ತಾಗಿ ಎಲ್ಲ ನಿಲ್ಲಿಸಿ ಕೈ ತೊಳೆಯಲು ಹೋದರಲ್ಲ, ಆಗ ಎದ್ದು ಕೂತರು. ಸದ್ದು ನಿಂತದ್ದಕ್ಕೆ ಎದ್ದರು. ಇಷ್ಟು ಗಲಾಟೆಯಲ್ಲಿ ಹೇಗೆ ಮಲಗಿದಿರಿ ಎಂದು ಕೇಳಿದೆ. ಕೂದಲು ಸರಿಮಾಡಿಕೊಳ್ಳುತ್ತಾ, ಇದರಲ್ಲೇನಿದೆ ಎನ್ನುವ ಹಾಗೆ ಹೇಳಿದರು: "ಕೆಳಗೆ ಯಾರೋ ಕೆಲಸ ಮಾಡ್ತಿದಾರೆ ಅಂದ್ರೆ ನಾನ್ಯಾಕೆ ಎದ್ದಿರಬೇಕು?"

ಮದುವೆಯಾಗಿ ಬಂದಾಗಿನಿಂದ ನಲವತ್ತಾರು ವರ್ಷ ಅತ್ತೆ ಮಲಗಿದ್ದು ಮಾವನ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಬೇಕರಿಗಳಿಗೆಂದು ಮಾವ ಹೊತ್ತಲ್ಲದ ಹೊತ್ತಿನಲ್ಲೆಲ್ಲ ಬೀಸುತ್ತಿದ್ದರಲ್ಲ, ಮಂಚವೂ ಕಿಟಕಿಯೂ ನಡುಗುತ್ತಿದ್ದವು. ಮಾವ ಹೋದ ತಿಂಗಳೊಳಗೆ ಆ ಯಂತ್ರ ಮಾರಿಸಿದವರು ನೀವು, ಇನ್ನಾದರೂ ಅಮ್ಮನಿಗೆ ಧೂಳು, ಸದ್ದು ತಪ್ಪಲಿ ಎಂದು. ಗಡಿಯಾರವನ್ನೂ ಸುತ್ತಿಟ್ಟವಳು ನಾನು. ಪ್ರೀತಿಯಿಂದಲೇ ಮಾಡಿದೆವು, ಇಬ್ಬರೂ ಸೇರಿ ಅವರ ಕಿವಿಗೆ ಏನೂ ಉಳಿಸಲಿಲ್ಲ. ಆದರೆ ನಿಮಗೆ ಬೇಜಾರು ಬೇಡ. ಕಾರಣ ಗೊತ್ತಾಯಿತಲ್ಲ ಎಂದು ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿದೆ.

ಸೋಮವಾರ ಮೇಸ್ತ್ರಿ ಹಳೆಯ ಪ್ಲೇಟನ್ನು ತಂದು ನನ್ನ ಕೈಯಲ್ಲಿಟ್ಟರು. ಸವೆದು ತೆಳ್ಳಗಾಗಿ, ಅಂಚೆಲ್ಲ ನೀಲಿ ತಿರುಗಿತ್ತು. ಸಿಗ್ನಲ್ಲಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕುವುದಿಲ್ಲವಾ ಎಂದು ಕೇಳಿದರು. ಅತ್ತೆಗೆ ಎಚ್ಚರವಾಗುತ್ತದೆ ಎಂದೆ. ಅವರು ಗಾಡಿಯ ಕಡೆ ನೋಡಿದರು, ಒಳಗಿನಿಂದ ಗೊರಕೆ ಕೇಳುತ್ತಿತ್ತು. ಮತ್ತೆ ನನ್ನ ಕಡೆ ನೋಡಿದರು. ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಹೊಸವು. ಫ್ಲೈವೀಲ್ ಬದಲಿಸಬೇಕಾಗಿಲ್ಲ ಎಂದು ಲೋಹ ಕಡೆಯುವ ಲೇತ್ ಯಂತ್ರದಲ್ಲಿ ನುಣ್ಣಗೆ ಮಾಡಿಸಿದರು. ಟ್ಯಾಂಕನ್ನು ಒಂದಡಿ ಹಿಂದಕ್ಕೆ ಸರಿಸಿ ಕೂರಿಸಿದ್ದಾರೆ, ಮೊದಲೇ ಅಲ್ಲಿರಬೇಕಿತ್ತಂತೆ. ಎಲ್ಲ ಸೇರಿ ಮೂವತ್ತೊಂದು ಸಾವಿರ. ಮನೆಗೆ ಬಣ್ಣ ಹೊಡೆಸಲು ನೀವು ಕಳಿಸಿದ್ದರಲ್ಲಿ ಕೊಟ್ಟೆ, ಗೋಡೆಗಳು ಇನ್ನೊಂದು ವರ್ಷ ಹಾಗೇ ಇರಲಿ. ನಿಮ್ಮ ಐವತ್ತರ ಗೆರೆ ದಾಟಲಿಲ್ಲ, ಆದ್ದರಿಂದ ನಾನು ಮಾತು ಮೀರಿಲ್ಲ. ಫೋಟೋಗ್ರಾಫರು ಬೇರೆ ಗಾಡಿ ನೋಡಿಕೊಳ್ಳಲಿ. ಈಗ ಪೆಡಲ್ಲು ಎಷ್ಟು ಹಗುರ ಗೊತ್ತಾ, ಚಪ್ಪಲಿ ಮೆಟ್ಟಿದ ಹಾಗೆ. ನಿನ್ನೆ ಆಸ್ಪತ್ರೆ ಏರಿನಲ್ಲಿ ಹ್ಯಾಂಡ್‌ಬ್ರೇಕನ್ನು ಬೇಕೆಂದೇ ಕರಕರ ಎಂದು ಎಳೆದೆ. ಹಿಂದಿನಿಂದ ಒಂದು ಉಸಿರಿನ ವ್ಯತ್ಯಾಸವೂ ಕೇಳಲಿಲ್ಲ. ಜೋರಾಗಿ ನಕ್ಕೆ, ಅದಕ್ಕೂ ಅವರು ಏಳಲಿಲ್ಲ. ರಾತ್ರಿಯ ನಿದ್ದೆಯ ಚಿಂತೆ ಇನ್ನೂ ಇದೆ, ಮನೆಯಲ್ಲಿ ಅವರು ಈಗಲೂ ಗೋಡೆಗೆ ಒರಗಿಯೇ ಕೂರುತ್ತಾರೆ. ಏನಾದರೂ ಮಾಡೋಣ. ಕುಕ್ಕರನ್ನು ಅಟ್ಟದಿಂದ ಮತ್ತೆ ಕೆಳಗಿಳಿಸಿದ್ದೇನೆ, ಕೂಗಲಿ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಬೋಲ್ಟುಗಳಿಗೆ ಗ್ರೀಸ್ ಹಚ್ಚುವ ಅಭ್ಯಾಸ ನಿಮ್ಮ ಅಪ್ಪನಿಗಿತ್ತು ಎಂದೂ ತಿಳಿಸಲು ಹೇಳಿದ್ದಾರೆ. ನಿಮ್ಮ ಸಹಾಯಕ ಅಡುಗೆಯವನಿಗೆ ನಮ್ಮಿಬ್ಬರ ನೆನಪು ಹೇಳಿ. ಗಾಯಕ್ಕೆ ಮುಲಾಮು ಹಚ್ಚಿಕೊಳ್ಳಿ, ಹೊತ್ತಿಗೆ ಸರಿಯಾಗಿ ನೀವೂ ಉಣ್ಣಿ.

ನಿಮ್ಮ,
'ಏ ಇವಳೇ'

ಮರೆತದ್ದು: ಸೋಮವಾರ, ಇಪ್ಪತ್ತಮೂರು. ಪತ್ರ ಇನ್ನೂ ಅಂಚೆಗೆ ಬಿದ್ದಿಲ್ಲ, ನಾಲ್ಕಕ್ಕೆ ಡಬ್ಬಿ ತೆಗೆಯುತ್ತಾರೆ, ಬೇಗ ಬರೆಯುತ್ತೇನೆ. ಮೇಸ್ತ್ರಿಯ ಶೆಡ್ಡು ಗೋದಾಮಿನವರು ಕೆಡವುತ್ತಾರಂತೆ, ತಿಂಗಳ ಕೊನೆಗೆ ಜಾಗ ಖಾಲಿ ಮಾಡಬೇಕು ಎಂದು ಶನಿವಾರ ಅವರ ಸೊಸೆ ಹೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸೊಂಟದಿಂದ ಕೀಲಿ ತೆಗೆದು ಅವಳ ಕೈಗೆ ಕೊಟ್ಟರು. ಮನೆಯ ಕೆಳಗೆ, ಅವರ ಕೋಣೆಯಡಿ ಖಾಲಿ ಬಿದ್ದಿದ್ದ ಗಿರಣಿ ಕೋಣೆಯ ಕೀಲಿ. ಬಾಡಿಗೆಯನ್ನೂ ತಾವೇ ಮಾತಾಡಿದರು, ಚೌಕಾಸಿಯಲ್ಲಿ ನಿಮ್ಮ ಅಮ್ಮನೆದುರು ನಾನು ಏನೂ ಅಲ್ಲ. ಮೇಸ್ತ್ರಿಗೆ ವಯಸ್ಸಾದ್ದರಿಂದ ಹಗಲು ಬೆಂಚಿನ ಮೇಲೆ ಕೂತು ಮಾಡುವ ಕೆಲಸ, ಸಂಜೆಯ ಮೇಲೆ ಅವರ ಮಗ ಲೇತ್ ಓಡಿಸುತ್ತಾನೆ. ನಿನ್ನೆ ಸಾಮಾನು ಬಂತು, ಇವತ್ತು ಬೆಳಗ್ಗೆಯೇ ಲೇತ್ ಕೂರಿಸಿ ಓಡಿಸಿ ನೋಡಲು ಶುರು ಮಾಡಿದರು. ಕಿಟಕಿ ನಡುಗುತ್ತಿದೆ, ಅಕ್ಷರ ಓರೆಯಾಗಿದ್ದರೆ ಅದಕ್ಕೇ. ನಿಮ್ಮನ್ನು ಕೇಳದೆ ಕೊಟ್ಟದ್ದಕ್ಕೆ ಜಗಳ ಆಡಬೇಕೆಂದಿದ್ದರೆ ನೇರವಾಗಿ ನಿಮ್ಮ ಅಮ್ಮನಿಗೇ ಬರೆಯಿರಿ. ಓದಿ ಹೇಳುತ್ತೇನೆ, ಆದರೆ ಎದ್ದ ಮೇಲೆ. ಈಗ ಎಬ್ಬಿಸುವುದಿಲ್ಲ. ಮಾವ ಹೋಗಿ ಹನ್ನೊಂದು ತಿಂಗಳಾದ ಮೇಲೆ ಇವತ್ತೇ ಮೊದಲು, ಅವರ ಕೋಣೆಯಲ್ಲಿ, ಅವರ ಮಂಚದ ಮೇಲೆ ಮಲಗಿದ್ದಾರೆ.