ಹರಿಹರದಲ್ಲಿ ಬಾಕಿ ಉಳಿದ ಹೂವು

ಆನೆಕೊಂಡ, ದಾವಣಗೆರೆ

ಕಡಲಿಗೆ ಹೆದರದ, ಅವ್ವನಿಗೆ ಮಾತ್ರ ಹೆದರುವ ನನ್ನ ಮಗಳು ಸುಧಾಳಿಗೆ,

ಗೆದ್ದೆ ಮಗಳೇ, ಗೆದ್ದೆ! ನಿನ್ನ ಸಂದೇಶ ಬಂದಾಗ ನಾನು ಹಾಕಿದ ಕೂಗಿಗೆ ಎದುರುಮನೆಯ ತಸ್ಲೀಮ್ ಲಟ್ಟಣಿಗೆ ಹಿಡಿದುಕೊಂಡೇ ಓಡಿಬಂದಳು. ಬಿರುಗಾಳಿಗೆ ಸಿಕ್ಕ ನಿನ್ನ ಸರಕು ಹಡಗಿನ ಸುದ್ದಿಯೇ ನಿಂತುಹೋಗಿತ್ತಲ್ಲ, ಆಗ ರಂಗದ ಮೇಲೆ ಯಮನನ್ನೇ ಗದರಿಸಿದ ಈ ಮಾಲತೇಶಪ್ಪ ಫೋನನ್ನು ಎದೆಗವಚಿಕೊಂಡು ಹೊಸ್ತಿಲ ಮೇಲೇ ಕೂತುಬಿಟ್ಟಿದ್ದ.

ಎಷ್ಟು ಸಲ ಓದಿದೆನೋ! ‘ಅಪ್ಪ, ಲಂಗರು ಬಿತ್ತು, ಎಲ್ಲರೂ ಕ್ಷೇಮ. ಕೆಳಗೆ ಹನ್ನೆರಡು ಫ್ಯಾದಮ್ ನೀರು. ಈಗೆಲ್ಲ ಮೀಟರ್ ಲೆಕ್ಕ, ನಮ್ಮ ಮುದಿ ಕ್ಯಾಪ್ಟನ್ ಬಾಯಲ್ಲಿ ಮಾತ್ರ ಇನ್ನೂ ಫ್ಯಾದಮ್. ಅದು ನಮ್ಮ ಮಾರೇ ನೋಡಪ್ಪ. ಆಳಕ್ಕೆ ಬಿಟ್ಟ ಹಗ್ಗವನ್ನು ಮೇಲೆಳೆದು, ಎರಡೂ ತೋಳು ಚಾಚಿ ಅಳೀತಿದ್ದರಂತೆ. ಹಳೇ ಇಂಗ್ಲಿಷಿನಲ್ಲಿ ಆ ಮಾತಿಗೆ ತಬ್ಬುವ ತೋಳು ಅಂತ ಅರ್ಥವಂತೆ.’

ನಿನ್ನವ್ವ ಕಾಳವ್ವ ಕೇಳಿ ಅತ್ತಳು, ನಕ್ಕಳು, ಎದ್ದು ಸೀರೆ ಬದಲಿಸಿದಳು. ‘ನಡೀರಿ ಹರಿಹರಕ್ಕೆ. ನನ್ ಮಗಳ ಕಾಲಡಿ ಎಷ್ಟು ಮಾರು ನೀರೈತೋ ಅಷ್ಟು ಮಾರು ಹೂವು ಸ್ವಾಮಿಗೆ!’

ಗುಡಿ ಮುಂದೆ ಹೂವಿನ ಸರೋಜಾ ಅಳೆಯಲು ಕೈ ಚಾಚಿದಳು. ‘ತಡಿಯವ್ವ, ನಿನ್ನ ಗಿಡ್ಡ ಕೈ ಬ್ಯಾಡ’ ಎಂದಳು ನಿನ್ನವ್ವ. ನಾನು ಬಿಟ್ಟೇನೆಯೇ? ಭೀಮನ ಪಾತ್ರ ಕಟ್ಟಿದ ತೋಳುಗಳನ್ನು ಬೀದಿಯಗಲ ಹರಡಿದೆ!

‘ಯಪ್ಪಾ, ಇವು ಕೈಯೋ, ಕರೆಂಟಿನ ತಂತಿಯೋ? ನನ್ ಬುಟ್ಟಿನೇ ಖಾಲಿ ಆಗ್ತೈತೆ!’ ಎಂದಳು ಸರೋಜಾ.

‘ನೀವೂ ಕೈ ಇಳಿಸ್ರಿ’ ಎಂದಳು ನಿನ್ನವ್ವ. ‘ಹರಕೆ ಯಾರ ಹೆಸರಿಗೈತೆ, ಮಾರೂ ಅವರದೇ ಆಗ್ಬೇಕು. ನಮ್ಮ ತವರಿನ ಪದ್ಧತಿ.’

‘ಹಂಗಾದ್ರೆ ಆಕೀನ ಕರ್ಕೊಂಡೇ ಬರ್ರಿ. ಅಲ್ಲೀತನ ನನ್ ಹೂವು ಬಾಡದೆ ಇರ್ತಾವಾ?’

ಬರಿಗೈಯಲ್ಲಿ ಸ್ವಾಮಿಗೆ ಕೈಮುಗಿದು ಹೊರಟೆವು. ಬಸ್ಸಿನಲ್ಲಿ ನಿನ್ನವ್ವ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ಅವಳ ಗೊರಕೆ ಕೇಳಿ ಎಷ್ಟು ಕಾಲವಾಗಿತ್ತು! ಕಂಡಕ್ಟರ್ ನಮ್ಮ ನಿಲ್ದಾಣದ ಹೆಸರು ಕೂಗಿದರೂ ಎಬ್ಬಿಸಲು ಮನಸ್ಸಾಗಲಿಲ್ಲ. ಒಂದು ನಿಲ್ದಾಣ ಮುಂದೆ ಹೋಗಿ ಇಳಿದೆವು.

ರಜೆ ಸಿಕ್ಕ ಕೂಡಲೇ ಬಾ. ಸರೋಜಾಳ ಬುಟ್ಟಿಯ ಮುಂದೆ ನಿಂತು ತೋಳು ಚಾಚು. ಆದರೆ ಒಂದು ಮಾತು, ಸ್ವಾಮಿ ಮುನಿದರೂ ಮುನಿಯಲಿ: ಮೊದಲ ಮಾರು ನಿನ್ನವ್ವನದು, ಎರಡನೆಯದು ನನ್ನದು. ಆಮೇಲಿನದೆಲ್ಲ ದೇವರದು.

ಕಾಲಡಿಯ ನೀರು ನಿನ್ನನ್ನು ತಣ್ಣಗೆ ಹೊತ್ತು ತರಲಿ, ತಾಯೀ.

ದಡದಲ್ಲಿ ತೋಳು ಚಾಚಿ ನಿಂತಿರುವ
ನಿನ್ನ ಅಪ್ಪ, ಮಾಲತೇಶಪ್ಪ